ಒಂಬತ್ತು ಗಂಟು

ಆ ಬೆಳಗ್ಗೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ರಾತ್ರಿಯೆಲ್ಲ ಬೀಸಿದ ತೆಂಕಣ ಗಾಳಿಗೆ ಇಜಾ ಹೊಳೆಯ ಮೇಲಿನ ಮಂಜುಗಡ್ಡೆ ಬಿರುಕುಬಿಟ್ಟು ಊರಿಗೆಲ್ಲ ಕೇಳುವಂತೆ ನರಳುತ್ತಿತ್ತು. ಸಫ್ತಾ ಮಣೆ ಹತ್ತಿ ನಿಂತು, ಗಾಜಿನ ಮೇಲೆ ಬರೆದ ದೇವಮಾತೆಯ ಪಟದ ಹಿಂದೆ ಕೈಯಾಡಿಸಿದಳು. ಹತ್ತೊಂಬತ್ತು ವರ್ಷದಿಂದ ಮುಟ್ಟದಿದ್ದ ಬಟ್ಟೆಯ ಮುದ್ದೆ ಅಲ್ಲೇ ಇತ್ತು. ಧೂಳು ಕೊಡವಿ ಕುಪ್ಪಸದೊಳಗೆ ಸೇರಿಸಿಕೊಂಡಳು.

ಬೇಲಿಯಾಚೆ, ತೆಕ್ಲಾಳ ಅಂಗಳದಲ್ಲಿ, ಶವದ ಪೆಟ್ಟಿಗೆಯ ಸುತ್ತ ಜನ ಆಗಲೇ ನೆರೆದಿದ್ದರು.

"ಊರೆಲ್ಲ ಬಂತು, ಪಕ್ಕದ ಮನೆಯವಳು ಕೊನೆಗೆ ಬಂದೆಯಲ್ಲ ಸಫ್ತವ್ವ," ಎಂದ ಪಾಂತೆಲಿ. ಗುಂಡಿ ತೋಡಿ ಬಂದು ಪ್ಲಮ್ ಸಾರಾಯಿ ಹೀರುತ್ತಿದ್ದ. "ತೆಕ್ಲಕ್ಕ ಸಾಯೋದ್ರಲ್ಲೂ ಪುಣ್ಯಾತ್ಗಿತ್ತಿ. ನೆಲ ಮೆತ್ತಗಾಗೋವರೆಗೂ ಕಾದ್ಲು. ಹೋದ ವಾರ ಆಗಿದ್ರೆ ನನ್ನ ಸೊಂಟಾನೂ ಅವಳ ಜೊತೇಲೇ ಹೂಳಬೇಕಿತ್ತು."

"ಮೊದಲು ಆ ನಾಲಿಗೇನ ಹೂಳು ಮಾವ," ಎಂದಳು ತೆಕ್ಲಾಳ ಮಗಳು ಅನಿಸಿಯಾ. ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಸಫ್ತಾಳತ್ತ ತಿರುಗಿ, "ಚಿಕ್ಕಮ್ಮ, ಕಟ್ಟು ಬಿಚ್ಚೋದು ನೀವೇ. ಅಮ್ಮ ಹೇಳಿ ಹೋಗಿದಾಳೆ," ಎಂದಳು.

ಸತ್ತವರ ಕೈಕಾಲು ಜೋಡಿಸಿ ಕಟ್ಟಿದ ಪಟ್ಟಿಯನ್ನು ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ಬಿಚ್ಚಲೇಬೇಕು. ಇಲ್ಲದಿದ್ದರೆ ಆಚೆ ಲೋಕದಲ್ಲೂ ಅವರಿಗೆ ಬಿಡುಗಡೆಯಿಲ್ಲ. ಸಫ್ತಾ ಕುಪ್ಪಸದ ಮೇಲೆ ಕೈಯಿಟ್ಟುಕೊಂಡಳು.

*

ಹತ್ತೊಂಬತ್ತು ವರ್ಷದ ಹಿಂದೆ ಸಫ್ತಾಳ ಹಸು ಹಾಲು ಬತ್ತಿಸಿಕೊಂಡಿತ್ತು. ನಲವತ್ತೊಂದು ಕಾಳು ಎಸೆದು ಶಕುನ ನೋಡುವ ಮುದುಕಿ, "ಬೇಲಿಯಾಚೆಯ ಕಣ್ಣು ತಾಗಿದೆ" ಎಂದಳು. ತೆಕ್ಲಾ ಒಣಹಾಕಿದ್ದ ಚೆರ್ರಿ ಹಣ್ಣಿನ ಚಿತ್ತಾರದ ತಲೆವಸ್ತ್ರವನ್ನು ಸಫ್ತಾ ಬೇಲಿಯಿಂದ ಎಳೆದುಕೊಂಡು, ಮುದುಕಿ ಹೇಳಿದಂತೆ ಒಂಬತ್ತು ಗಂಟು ಹಾಕಿದಳು. ಒಂದೊಂದಕ್ಕೂ, "ಅವಳ ಕೈ ಒಣಗಲಿ" ಎಂದಳು.

ವಸಂತದ ಹಸಿಹುಲ್ಲು ತಿಂದು ಹಸು ಮತ್ತೆ ಹಾಲು ಕೊಟ್ಟಿತು. ಆದರೆ ಸುಗ್ಗಿಯ ಹೊತ್ತಿಗೆ ತೆಕ್ಲಾಳ ಬಲಗೈ ಸ್ವಾಧೀನ ತಪ್ಪಿ ಒಣಗತೊಡಗಿತು.

ಸಫ್ತಾ ಮುದುಕಿಯ ಬಳಿಗೆ ಓಡಿದಳು. "ಬಿಚ್ಚಿದ್ಯೋ, ಅದು ನಿನ್ನ ಕೈಗೇ ಬಂದು ಕೂರುತ್ತೆ," ಎಂದಳು ಮುದುಕಿ. ಮುದುಕಿ ಸತ್ತಳು, ಅವಳ ಮಾತು ಸಾಯಲಿಲ್ಲ. ಅಂದಿನಿಂದ ಸಫ್ತಾ ಪಟದ ಮುಂದೆ ಅಡ್ಡಬಿದ್ದಾಗಲೆಲ್ಲ, ಅಡ್ಡಬಿದ್ದದ್ದು ಪಟದ ಹಿಂದಿದ್ದುದಕ್ಕೆ. ಪಾಪನಿವೇದನೆಗೆ ಹೋದರೆ ಉಪವಾಸ ಮುರಿದದ್ದನ್ನೂ ಕೋಳಿಗೆ ಬೈದದ್ದನ್ನೂ ಹೇಳಿ, ಇದೊಂದನ್ನು ನುಂಗಿಕೊಂಡು ಬರುತ್ತಿದ್ದಳು.

*

ಕೈ ಹೋದ ಮೇಲೆ ತೆಕ್ಲಾ ಶನಿವಾರ ಶನಿವಾರ ಬೇಲಿ ದಾಟಿ ಬರುತ್ತಿದ್ದಳು. ಭಾನುವಾರದ ಪೂಜೆಯಲ್ಲಿ ಪಾದ್ರಿಗಳು ಓದಿ ಬೇಡಿಕೊಳ್ಳಬೇಕಾದ ಹೆಸರುಗಳ ಚೀಟಿ ಬರೆಸಲು.

"ಬದುಕಿರೋರು ಮೊದಲು. ಬರಿ, 'ಸಫ್ತಾ' ಅಂತ."

"ನಂದ್ಯಾಕಕ್ಕ? ಮಗಳ ಹೆಸರು ಹೇಳು."

"ಅವಳಿಗೆ ನಾನಿದೀನಿ. ನಿನ್ನ ಹೆಸರು ದೇವರ ಮುಂದೆ ಎತ್ತೋಕೆ ಯಾರಿದಾರೆ? ಗಂಡನಿಲ್ಲ, ಮಕ್ಕಳಿಲ್ಲ. ಬರಿಯೇ, ನಿನ್ನ ಕೈಗೇನು ರೋಗ?"

ಸಫ್ತಾ ತನ್ನ ಹೆಸರನ್ನು ತಾನೇ ಬರೆದಳು. ಹತ್ತೊಂಬತ್ತು ವರ್ಷ, ಒಂದು ವಾರವೂ ತಪ್ಪದೆ.

ಒಮ್ಮೆ ಮಾತಿಗೆ ಮಾತು ಬಂದು, "ನಿನ್ನ ಚೆರ್ರಿ ವಸ್ತ್ರ ಸಿಗಲೇ ಇಲ್ವೇನಕ್ಕ?" ಎಂದು ಕೇಳಿಬಿಟ್ಟಳು.

"ಇಲ್ಲ ಕಣೆ," ಎಂದಳು ತೆಕ್ಲಾ. "ಯಾರಿಗೋ ಪಾಪ ಚಳಿಯಾಗಿರಬೇಕು."

*

ಪಾದ್ರಿ ಗೆರಾಸಿಮ್ ಪೆಟ್ಟಿಗೆಯ ತಲೆಗಡೆ ನಿಂತು ಸತ್ತವಳ ಪರವಾಗಿ ಕೇಳಿದರು: "ತೆಕ್ಲಾ ನಿಮ್ಮನ್ನ ಬೇಡ್ತಿದಾಳೆ. ನನ್ನಿಂದ ನೊಂದವರಿದ್ರೆ ಕ್ಷಮಿಸಿ."

"ದೇವರು ಕ್ಷಮಿಸಲಿ," ಎಂದಿತು ಜನ. ಪಾದ್ರಿ ಮೂರು ಸಲ ಕೇಳಿದರು, ಜನ ಮೂರು ಸಲ ಅಂದಿತು. ಸಫ್ತಾಳ ತುಟಿ ಅಲುಗಲಿಲ್ಲ.

ಅವಳು ಕಾಲಿನ ಪಟ್ಟಿ ಬಿಚ್ಚಿದಳು. ಕೈಯ ಪಟ್ಟಿ ಬಿಚ್ಚಿದಳು. ಒಣಗಿದ ಬಲಗೈ ಪುಳ್ಳೆಕಡ್ಡಿಯಷ್ಟು ಹಗುರವಾಗಿತ್ತು. ಪಾಂತೆಲಿ ಸುತ್ತಿಗೆ ಎತ್ತಿಕೊಂಡ.

"ತಡಿಯಪ್ಪ. ಇನ್ನೂ ಇದೆ."

ಕುಪ್ಪಸದಿಂದ ಮುದ್ದೆ ತೆಗೆದು ಮೊದಲ ಗಂಟಿಗೆ ಉಗುರು ಹಾಕಿದಳು. ಅದು ಕಲ್ಲಾಗಿತ್ತು. ಹಲ್ಲು ಹಚ್ಚಿ ಎಳೆದಳು. ಎರಡು ಬಿಚ್ಚಿಕೊಂಡು, ಮಾಸಿದ ಕೆಂಪು ಹಣ್ಣೊಂದು ಕಾಣಿಸಿತು.

"ಇದು ಅಮ್ಮಂದಲ್ವಾ?" ಎಂದಳು ಅನಿಸಿಯಾ.

"ಹೂಂ. ಕದ್ದವಳು ನಾನು. ಅವಳ ಕೈ ಒಣಗಲಿ ಅಂತ ಗಂಟು ಹಾಕಿದವಳೂ ನಾನೇ ಮಗಳೇ."

ಹೊಳೆಯಲ್ಲಿ ಮಂಜುಗಡ್ಡೆ ಸೀಳಿದ ಸದ್ದಾಯಿತು. ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಅನಿಸಿಯಾಳ ಮುಖ ಬಿಳಿಚಿತು. ಒಂದು ಹೆಜ್ಜೆ ಹಿಂದೆ ಸರಿದಳು. ಸಫ್ತಾ ತಲೆ ಎತ್ತದೆ ಮೂರನೆಯದನ್ನು ಕಚ್ಚಿದಳು, ನಾಲ್ಕನೆಯದನ್ನು. ಐದನೆಯದು ಜಗ್ಗಲೇ ಇಲ್ಲ.

ತುಂಬ ಹೊತ್ತಿನ ಮೇಲೆ ಅನಿಸಿಯಾ ಹತ್ತಿರ ಬಂದು ವಸ್ತ್ರದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು. ಪಾಂತೆಲಿ ಸುತ್ತಿಗೆಯನ್ನು ಹಿಮದ ಮೇಲಿಟ್ಟು ಟೋಪಿ ತೆಗೆದ.

ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಸಫ್ತಾಳ ಬಲಗೈ ನಡುಗುತ್ತಿತ್ತು. ಚಳಿಗೋ, ಇಲ್ಲ ಆ ಮುದುಕಿಯ ಮಾತೇ ನಿಜವಾಗುತ್ತಿತ್ತೋ, ಅವಳು ನಿಂತು ನೋಡಲಿಲ್ಲ. ಗಂಟು ಬಿಚ್ಚಿಕೊಂಡಿತು. ಸುಕ್ಕುಬಿದ್ದ ವಸ್ತ್ರವನ್ನು ಒಣಗಿದ ಕೈಯ ಮೇಲೆ ಹೊದಿಸಿ, ಗಾಳಿ ನುಗ್ಗದಂತೆ ಅಂಚನ್ನು ಒಳಗೆ ಸಿಕ್ಕಿಸಿದಳು.

"ತಗೋ ತೆಕ್ಲಕ್ಕ," ಎಂದಳು.