ಖಾಲಿ ಸೈಟಿನ ಸೊಪ್ಪು

"ಅದನ್ನ ಬಿಡಮ್ಮ, ದನಾನೂ ಮೂಸಲ್ಲ ಅದನ್ನ."

ಬಗ್ಗಿದ್ದ ಜಯಾ ತಲೆಯೆತ್ತಿದಳು. ಕೈಯಲ್ಲಿದ್ದ ಗಿಡದ ಲ್ಯಾಟಿನ್ ಹೆಸರು ಅವಳಿಗೆ ಬಾಯಿಪಾಠ. ಎಂ.ಎಸ್ಸಿ. ಸಸ್ಯಶಾಸ್ತ್ರದ ಹುಡುಗಿಗೆ ಅದು ತಿನ್ನುವಂಥದ್ದೋ ಅಲ್ಲವೋ ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಹೇಳಿದವರು ಯಡಿಯೂರಿನ ಮುನಿಲಕ್ಷ್ಮಮ್ಮ. ಜಯನಗರ ಬಡಾವಣೆ ಆಗಿನ್ನೂ ಏಳುತ್ತಿದ್ದ ಕಾಲ; ಈ ಸೈಟುಗಳೆಲ್ಲ ಐದಾರು ವರ್ಷದ ಹಿಂದೆ ಆಕೆಯ ರಾಗಿ ಹೊಲ. ಹೊಲ ಹೋಗಿ ಕಲ್ಲು ನೆಟ್ಟಿದ್ದರೂ ಮಳೆ ಬಿದ್ದೊಡನೆ ಸೊಪ್ಪು ಕುಯ್ಯಲು ಬರುವುದನ್ನು ಆಕೆ ಬಿಟ್ಟಿರಲಿಲ್ಲ.

ತಲೆ ಕೆಟ್ಟುಹೋಗಿ ಜಯಾ ಅಂದು ಈ ಖಾಲಿ ಸೈಟಿಗೆ ಬಂದು ಗಿಡ ಕೀಳುತ್ತಿದ್ದಳು. ಸಂಶೋಧನಾ ಪ್ರಬಂಧಕ್ಕೆ ಅವಳು ಬರೆದುಕೊಟ್ಟ ಮೂರು ವಿಷಯಗಳನ್ನೂ ಪ್ರೊಫೆಸರ್ ಜಯದೇವಪ್ಪ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಸೋಮವಾರದೊಳಗೆ ನಾಲ್ಕನೆಯದು ಹೊಳೆಯದಿದ್ದರೆ, ಹೋದ ವರ್ಷ ಯಾರೋ ಅರ್ಧಕ್ಕೆ ಕೈಬಿಟ್ಟ ಆಲೂಗಡ್ಡೆ ರೋಗ ಅವಳಿಗೆ ಗಂಟುಬೀಳುವುದು ಖಂಡಿತ. ವರ್ಷವಿಡೀ ಕೊಳೆತ ಆಲೂಗಡ್ಡೆಯ ಸಹವಾಸ ನೆನೆದರೇ ಅವಳಿಗೆ ಅಳು ಬರುತ್ತಿತ್ತು.

"ಹಾಗಾದ್ರೆ ತಿನ್ನೋದು ಯಾವುದು?"

"ಇದು ಅಣ್ಣೆ, ಇದು ಗೋಣಿ, ಇದು ಕನ್ನೆ. ಅಣ್ಣೆ ಹೂ ಬಿಟ್ಮೇಲೆ ಬ್ಯಾಡ, ನಾರಾಗ್ತದೆ. ಕಣ್ಣಿಗೆ ಹೊನಗೊನ್ನೆ ಒಳ್ಳೇದು. ಯಾಕೆ, ನಿಮ್ಮ ಬುಕ್ಕಲ್ಲಿ ಬರೆದಿಲ್ವಾ?"

"ಇಲ್ಲ."

"ಮತ್ತೆ ಅದರಲ್ಲಿ ಇನ್ನೇನು ಬರೆದವ್ರೆ?"

ಜಯಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ನೋಟ್‌ಬುಕ್ ತೆಗೆದಳು. ಸಂಜೆಯ ಹೊತ್ತಿಗೆ ಒಂದೇ ಸೈಟಿನಲ್ಲಿ ಇಪ್ಪತ್ತಾರು ಜಾತಿ ಗಿಡ ಸಿಕ್ಕವು. ಹತ್ತೊಂಬತ್ತು ಒಲೆಯ ಮೇಲೇರುವಂಥವು.

ಸೋಮವಾರ ಪ್ರೊಫೆಸರು ಅವಳ ನಾಲ್ಕನೆಯ ವಿಷಯದ ಹಾಳೆ, ಖಾಲಿ ಸೈಟಿನ ತಿನ್ನುವ ಸೊಪ್ಪುಗಳದ್ದು, ಓದಿ ಕನ್ನಡಕ ತೆಗೆದರು. ಸೂಟು, ಟೈ, ಇಂಗ್ಲಿಷು ಬಿಟ್ಟು ಅವರನ್ನು ಕಂಡವರಿಲ್ಲ. ಅವರ ಊರು ಯಾವುದೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇದಕ್ಕೆ ಆಧಾರ ಗ್ರಂಥ ಯಾವುದೆಂದು ಇಂಗ್ಲಿಷಿನಲ್ಲೇ ಕೇಳಿದರು.

"ಪುಸ್ತಕ ಇಲ್ಲ ಸಾರ್. ಮುನಿಲಕ್ಷ್ಮಮ್ಮ ಅಂತ ಒಬ್ಬರಿದಾರೆ."

ಪ್ರೊಫೆಸರ ಕೈ ಕೆಂಪು ಶಾಯಿಯ ಪೆನ್ನಿನತ್ತ ಹೋಯಿತು. ಬೇರೇನೂ ತೋಚದೆ ಜಯಾ ಗಿಡ ತುಂಬಿ ತಂದಿದ್ದ ಚೀಲವನ್ನು ಅವರ ಮೇಜಿನ ಮೇಲೇ ಸುರಿದು, ತಿನ್ನುವ ಸೊಪ್ಪು ಒಂದು ಕಡೆ, ಬರಿಯ ಕಳೆ ಒಂದು ಕಡೆ ಗುಡ್ಡೆ ಮಾಡಿಟ್ಟಳು.

ಅವರು ವೈಜ್ಞಾನಿಕ ವಿಧಾನದ ಬಗ್ಗೆ ಉಪನ್ಯಾಸ ಶುರುಮಾಡಿದರು. ಜಯಾ ತಲೆತಗ್ಗಿಸಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಮಾತು ನಿಧಾನವಾಯಿತು, ಮತ್ತೆ ಸ್ವಲ್ಪ ಹೊತ್ತಿಗೆ ನಿಂತೇಹೋಯಿತು. ಅವಳು ತಲೆಯೆತ್ತಿ ನೋಡಿದಾಗ ಕಳೆಯ ಗುಡ್ಡೆಯಿಂದ ಒಂದು ಗಿಡ ಅವರ ಕೈಗೆ ಬಂದಿತ್ತು.

"ಇದನ್ನೂ ತಿಂತಾರೆ," ಎಂದರು, ಅಚ್ಚ ಕನ್ನಡದಲ್ಲಿ. "ಒಂದು ಸಲ ಬೇಯಿಸಿ ನೀರು ಬಸೀಬೇಕು, ಅಷ್ಟೇ. ನಮ್ಮವ್ವ ಹುರುಳಿಕಾಳು ಹಾಕಿ ಮಾಡೋಳು. ಇಪ್ಪತ್ತು ಅಂತ ಬರ್ಕೊ."

ಜಯಾ ಹತ್ತೊಂಬತ್ತನ್ನು ಹೊಡೆದು ಇಪ್ಪತ್ತೆಂದು ಬರೆದಳು. ಜವಾನ ಕಾಫಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ. ಪ್ರೊಫೆಸರು ಕೋಟಿನ ತೋಳು ಮಡಿಸಿಕೊಂಡು, ಎಳೆ ಕುಡಿಯನ್ನು ಈ ಕಡೆಗೆ, ದಂಟನ್ನು ಆ ಕಡೆಗೆ ಹಾಕುತ್ತ ಸೊಪ್ಪು ಸೋಸುತ್ತಿದ್ದರು.