ಎರಡು ಕಾಲು, ಒಂದು ಸೂಜಿ

ಕಿಡಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅಂತ ಬೀದಿಯವರೆಲ್ಲ ಹೇಳುತ್ತಾರೆ. ಅವನನ್ನು ಕೇಳಿದರೆ ಶಾಲೆಯೇ ಅವನನ್ನು ಬಿಟ್ಟಿದ್ದು. ಕೆಟ್ಟು ಕೂತಿದ್ದ ಶಾಲೆಯ ಎಲೆಕ್ಟ್ರಿಕ್ ಗಂಟೆಯನ್ನು ಬಿಚ್ಚಿ ಸರಿಮಾಡಿದ್ದ. ಅಂದಿನಿಂದ ಅದು ಪ್ರತಿ ಪೀರಿಯಡ್ಡಿಗೂ ಹತ್ತು ನಿಮಿಷ ಮೊದಲೇ ಹೊಡೆಯತೊಡಗಿತು. ಮಕ್ಕಳ ಪಾಲಿಗೆ ಅದು ರಿಪೇರಿ, ಹೆಡ್‌ಮಾಸ್ತರರ ಪಾಲಿಗೆ ಅಪರಾಧ. ಈಗ ಅವನು ಮೊಬೈಲ್ ಅಂಗಡಿಯೊಂದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಹಿಡಿದು ಕೂರುತ್ತಾನೆ. ಐರನ್ ಬಿಸಿಯಾಗಲು ಎರಡು ನಿಮಿಷ ಬೇಕು, ಅವನಿಗೆ ಅಷ್ಟೂ ಬೇಡ.

ಬೆಳಗ್ಗೆ ಹನ್ನೊಂದಕ್ಕೆ ಅಕ್ಕ ಬಂದಳು. ಅವಳದು ಕಂಪ್ಯೂಟರ್ ಕಸೂತಿ ಮಿಷನ್ನಿನ ಕೆಲಸ. ಹಿಂದೆಯೇ ಭಾವ, ತೋಳು ಕಾಣಲೆಂದೇ ಹೊಲಿಸಿದ ಬಿಗಿ ಅಂಗಿಯಲ್ಲಿ.

"ಲೋ ಪುಟ್ಟ, ಇದನ್ನ ಹೇಗಾದ್ರೂ ಬದುಕಿಸಿ ಕೊಡೋ," ಎಂದು ಅಕ್ಕ ಒಂದು ಪೆನ್ ಡ್ರೈವನ್ನು ಅಂಗೈಲಿಟ್ಟಳು. "ಮಿಷನ್ನಿಗೆ ಹಾಕಿದ್ರೆ ಏನೂ ಇಲ್ಲ ಅಂತಿದೆ. ಆರು ವರ್ಷದ ಡಿಸೈನು, ಎಲ್ಲಾ ಇದರಲ್ಲೇ."

"ಇನ್ನೊಂದು ಕಾಪಿ ಇಲ್ವಾ?"

ಅಕ್ಕ ಭಾವನ ಕಡೆ ನೋಡಿದಳು. ಭಾವ ಸೂರಿನ ಕಡೆ ನೋಡಿದ.

"ಲ್ಯಾಪ್‌ಟಾಪ್ ತುಂಬಿತ್ತು ಕಣಯ್ಯಾ, ನಾನೇ ಖಾಲಿ ಮಾಡ್ದೆ. ಎಲ್ಲ ಇದಕ್ಕೇ ಹಾಕಿದ್ದೀನಿ. ನೂರಿಪ್ಪತ್ತೆಂಟು ಜಿಬಿ! ಬಸ್ ಸ್ಟ್ಯಾಂಡಲ್ಲಿ ಅರ್ಧ ರೇಟಿಗೆ ಸಿಕ್ತು."

"ಆಮೇಲೇನು ಹಾಕಿದ್ರಿ ಭಾವ?"

"ನನ್ನ ಜಿಮ್ಮಿನ ವಿಡಿಯೊ. ಸ್ವಲ್ಪ."

"ಮೂರು ವರ್ಷದ್ದು," ಅಂದಳು ಅಕ್ಕ. "ತೋಳಿಗಿಂತ ವಿಡಿಯೊನೇ ಚೆನ್ನಾಗಿ ಬೆಳೆದಿದೆ."

ಕಿಡಿ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದ. ದೀಪ ಹತ್ತಿತು, ಆದರೆ ಜಾಗ ಸೊನ್ನೆ ಅಂತ ತೋರಿಸಿತು.

"ಸೋಮವಾರ ಮುನ್ನೂರು ಬ್ಯಾಡ್ಜು ಕೊಡ್ಬೇಕು," ಅಂದಳು ಅಕ್ಕ. "ಶಾಲೆಯವರದ್ದು."

"ಯಾವ ಶಾಲೆ?"

ಅಕ್ಕ ಕೆಮ್ಮಿದಳು. "ನಿನ್ನನ್ನ ಓಡಿಸಿದ್ದೇ."

"ಹಾಗಾದ್ರೆ ಮುನ್ನೂರು ಜನವೂ ಬೋಳು ಎದೇಲಿ ಹೋಗ್ಲಿ!"

"ಬ್ಯಾಡ್ಜು ಹಾಳಾಗ್ಲಿ ಕಣೋ, ಅದನ್ನ ಒಂದಿನದಲ್ಲಿ ಮತ್ತೆ ಬರೀತೀನಿ. ನನ್ನ ಹುಂಜ ಅದರೊಳಗಿದೆ. ಬಾಲಕ್ಕೇ ಒಂದು ತಿಂಗಳು ಕೂತಿದ್ದೆ, ಹೊಲಿಗೆ ಹೊಲಿಗೆ ಎಣಿಸ್ಕೊಂಡು. ನಾನೂರು ಡಿಸೈನಿದೆ ಪುಟ್ಟ. ಈಗ ನನ್ನ ಕಣ್ಣಿಗೆ ಅದೆಲ್ಲ ಮತ್ತೆ ಆಗಲ್ಲ."

ಅವಳ ದನಿ ಒಡೆಯಲಿಲ್ಲ, ಅದೇ ಅವನಿಗೆ ಇನ್ನೂ ಕಷ್ಟವಾಯಿತು. ಡ್ರೈವಿನ ಪ್ಲಾಸ್ಟಿಕ್ಕನ್ನು ಕಡಲೆಕಾಯಿ ಸುಲಿದಂತೆ ಸುಲಿದ. ಒಳಗೆ ಎರಡು ಕರಿ ಚಿಪ್ಪು, ಒಂದು ದೊಡ್ಡದು, ಒಂದು ಚಿಕ್ಕದು.

"ನೋಡಕ್ಕ, ದೊಡ್ಡದು ಉಗ್ರಾಣ. ನಿನ್ನ ಹುಂಜ ಅಲ್ಲಿದೆ. ಚಿಕ್ಕದು ಕಂಟ್ರೋಲರ್, ಮನೆ ಯಜಮಾನ ಅನ್ಕೋ. ಉಗ್ರಾಣಕ್ಕೇನೂ ಆಗಿಲ್ಲ, ಯಜಮಾನನಿಗೆ ತಲೆ ಕೆಟ್ಟಿದೆ. ಫರ್ಮ್‌ವೇರ್ ಅಂತ ಇರತ್ತೆ, ಅವನ ಬುದ್ಧಿ. ಅದನ್ನ ಹೊಸದಾಗಿ ತುಂಬ್ಬೇಕು."

ಅಕ್ಕ ಭಾವನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಗೆಲ್ಲ ತುಂಬಕ್ಕೆ ಬರತ್ತೇನೋ?"

"ಚಿಪ್ಪಿಗಾದ್ರೆ ಬರತ್ತೆ."

ಚಿಕ್ಕ ಚಿಪ್ಪಿನ ಬೆನ್ನಿನ ನಂಬರನ್ನು ಭೂತಗನ್ನಡಿಯಲ್ಲಿ ಓದಿ, ಅದಕ್ಕೆ ಹೊಂದುವ ಫರ್ಮ್‌ವೇರನ್ನು ಹುಡುಕಿ ಇಳಿಸಿಕೊಂಡು, ಅದನ್ನು ತುಂಬುವ ಚೀನೀ ಸಾಫ್ಟ್‌ವೇರನ್ನು ತೆರೆದಿಟ್ಟ. ಇನ್ನು ಕೆಟ್ಟ ಬುದ್ಧಿ ಏಳುವ ಮೊದಲೇ ಅದನ್ನು ತಡೆಯಬೇಕು. ದೊಡ್ಡ ಚಿಪ್ಪಿನ ಅಂಚಿನಲ್ಲಿ ಸಾಲಾಗಿರುವ ತಂತಿಕಾಲುಗಳಲ್ಲಿ ಅಕ್ಕಪಕ್ಕದ ಎರಡನ್ನು ಲೋಹದ ಮೊನೆಯಿಂದ ಒಟ್ಟಿಗೆ ಮುಟ್ಟಿಸಿ ಹಿಡಿದು, ಆಗಲೇ ಡ್ರೈವನ್ನು ಚುಚ್ಚಬೇಕು, ಎರಡು ಎಣಿಸಿ ಮೊನೆ ತೆಗೆಯಬೇಕು. ಕಾಲಿಗೂ ಕಾಲಿಗೂ ನಡುವೆ ಕೂದಲೆಳೆಯಷ್ಟು ಜಾಗ. ತಪ್ಪು ಕಾಲು ಮುಟ್ಟಿದರೆ ಹುಂಜಕ್ಕೆ ಅಲ್ಲೇ ಬೆಂಕಿ.

ಕಿಡಿ ಚಿಮಟ ಎತ್ತಿಕೊಂಡ. ಕೈ ನಡುಗಿತು. ಕೋಪ ಬಂದರೆ ಅವನ ಕೈ ನಡುಗುತ್ತದೆ, ಕೋಪ ಬಾರದ ದಿನವಿಲ್ಲ. ಜೊತೆಗೆ ಒಂದು ನೆನಪು ಬೇರೆ. ಹೋದ ವರ್ಷ ಲಾರಿ ಡ್ರೈವರೊಬ್ಬನ ಡ್ರೈವನ್ನು ಹೀಗೇ ಬದುಕಿಸಿದ್ದ. ಡ್ರೈವ್ ಬದುಕಿತು, ಅದರಲ್ಲಿದ್ದ ಅವನ ಸತ್ತ ತಾಯಿಯ ದನಿ ಅಳಿಸಿಹೋಯಿತು. ಆ ಮನುಷ್ಯ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೊಡಿಲ್ಲಿ," ಎಂದು ಅಕ್ಕ ಕಾಲರಿಗೆ ಸಿಕ್ಕಿಸಿದ್ದ ಕಸೂತಿ ಸೂಜಿ ತೆಗೆದಳು. "ಯಾವ ಕಾಲು, ತೋರಿಸು."

"ಅಕ್ಕ, ಇದು ಹೊಲಿಗೆ ಅಲ್ಲ."

"ನಾನು ದಿನಾ ಏನು ಮಾಡ್ತೀನಿ ಅನ್ಕೊಂಡಿದ್ದೀಯ, ಹಾರೆ ಹಿಡಿತೀನಾ? ತೋರಿಸೋ."

ಅವಳು ಬಾಗಿ, ಉಸಿರು ಹಿಡಿದು, ಸೂಜಿಯನ್ನು ಎರಡು ಕಾಲುಗಳ ಮೇಲೆ ಅಡ್ಡ ಮಲಗಿಸಿದಳು. ಕೈ ಕಲ್ಲಿನಂತೆ ನಿಂತಿತು.

"ಭಾವ, ಚುಚ್ಚಿ!"

ಭಾವ ಜಿಮ್ಮಿನ ಬಲವನ್ನೆಲ್ಲ ಹಾಕಿ ನೂಕಿದ. ಡ್ರೈವ್ ತಲೆಕೆಳಗಾಗಿತ್ತು, ಒಳಗೆ ಹೋಗಲಿಲ್ಲ. ಟೇಬಲ್ಲೇ ಹಿಂದೆ ಸರಿಯಿತು.

"ರೀ, ಡ್ರೈವ್ ಹಾಕಿ ಅಂದ್ರೆ ಗೋಡೆ ಬೀಳಿಸ್ತೀರಲ್ರೀ!"

ಎರಡನೇ ಸಲ ಭಾವ ಮಗುವಿಗೆ ಔಷಧಿ ಕುಡಿಸುವವನಂತೆ ಮೆಲ್ಲಗೆ ಚುಚ್ಚಿದ. "ಒಂದು, ಎರಡು," ಎಂದ ಕಿಡಿ. ಅಕ್ಕ ಸೂಜಿ ಎತ್ತಿದಳು. ತೆರೆಯ ಮೇಲೆ ಖಾಲಿಯಿದ್ದ ಸಾಲು ಹಸಿರಾಯಿತು. ಯಜಮಾನ ಬುದ್ಧಿಯಿಲ್ಲದೆ ಎದ್ದು, ಹೇಳಿದ್ದನ್ನು ಕೇಳಲು ಕೂತಿದ್ದ.

ತೆರೆಯ ತುಂಬ ಅವರಾರೂ ಓದಲಾರದ ಲಿಪಿ. ನಡುವೆ ಒಂದು ದೊಡ್ಡ ಗುಂಡಿ.

"ಒತ್ತು, ಒತ್ತು," ಎಂದು ಬಿ.ಕಾಂ. ಓದಿದ ಭಾವ ಮೌಸಿಗೆ ಕೈ ಹಾಕಿದ. "ದೊಡ್ಡ ಗುಂಡಿ ಇರೋದೇ ಒತ್ತಕ್ಕೆ."

ಅಕ್ಕ ಹೊಲಿಗೆಯ ಲೋಹದ ಬೆರಳುಕವಚ ತೊಟ್ಟ ಬೆರಳಿಂದ ಅವನ ಗೆಣ್ಣಿಗೆ ಟಣ್ಣೆಂದು ಕೊಟ್ಟಳು. ಭಾವ ಕೈ ಹಿಂದೆಳೆದುಕೊಂಡ.

ಶಾಲೆ ಬಿಟ್ಟವನಿಗೊಂದು ಅನುಕೂಲವಿದೆ, ಅರ್ಥವಾಗದ್ದನ್ನು ಅರ್ಥವಾಯಿತು ಅಂದುಕೊಳ್ಳುವ ಚಟ ಅವನಿಗಿರುವುದಿಲ್ಲ. ಲಾರಿ ಡ್ರೈವರು ಹೋದ ಮೇಲೆ ಕಿಡಿ ಹತ್ತು ಕೆಟ್ಟ ಡ್ರೈವುಗಳನ್ನು ಕೊಂದು ಕಲಿತದ್ದು ಒಂದೇ ಪಾಠ: ಮೂರನೇ ಸಾಲಿನ ಚೌಕದಲ್ಲಿ ಗುರುತು ಇದ್ದರೆ ಯಂತ್ರ ಮೊದಲು ಉಗ್ರಾಣ ಗುಡಿಸಿ ಆಮೇಲೆ ಬುದ್ಧಿ ತುಂಬುತ್ತದೆ. ಆ ಗುರುತು ಯಾವಾಗಲೂ ತಾನಾಗಿಯೇ ಬಿದ್ದಿರುತ್ತದೆ. ಅವನು ಅದನ್ನು ತೆಗೆದ. ತೆಗೆದದ್ದನ್ನು ಮತ್ತೆ ನೋಡಿದ. ಅಕ್ಕನಿಗೂ ತೋರಿಸಿದ. ಆಮೇಲೆ ಗುಂಡಿ ಒತ್ತಿದ.

ಪಟ್ಟಿ ತೆವಳುತ್ತಾ ತುದಿ ಮುಟ್ಟಿತು. ಕಿಡಿ ಡ್ರೈವನ್ನು ಕಿತ್ತು ಮತ್ತೆ ಚುಚ್ಚಿದ. ಕಡತಗಳು ತೆರೆದುಕೊಂಡವು. ಅಕ್ಕ ಉಸಿರಾಡದೆ ಒಂದರ ಮೇಲೆ ಬೆರಳಿಟ್ಟಳು. ತೆರೆಯ ಮೇಲೆ ಹುಂಜ ಎದ್ದು ನಿಂತಿತು, ಕೆಂಪು ಜುಟ್ಟು, ಬಾಲದಲ್ಲಿ ಒಂದು ಹೊಲಿಗೆಯೂ ತಪ್ಪಿರಲಿಲ್ಲ. ಅವಳು ಸೂಜಿಯನ್ನು ಕಾಲರಿಗೆ ಸಿಕ್ಕಿಸಲು ಹೋದಳು. ಸೂಜಿ ಎರಡು ಸಲ ಕಾಲರು ತಪ್ಪಿತು.

"ಎಂಟು ಜಿಬಿ ಅಂತಿದ್ಯಲ್ಲ!" ಭಾವ ಕಿರುಚಿದ. "ನೂರಿಪ್ಪತ್ತು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಿಲ್ಲ ಭಾವ, ಇರಲೇ ಇಲ್ಲ. ಮಾರಿದವರು ಯಜಮಾನನಿಗೆ ಸುಳ್ಳು ಹೇಳಿಕೊಟ್ಟಿದ್ರು. ನಿಮ್ಮ ವಿಡಿಯೊ ಹಾಕಿದಷ್ಟೂ ಬಾ ಬಾ ಅಂದಿದೆ, ಇಟ್ಕೊಂಡಿಲ್ಲ. ಅಕ್ಕನ ಡಿಸೈನು ಮೊದಲೇ ಒಳಗೆ ಹೋಗಿದ್ದಕ್ಕೆ ಉಳೀತು."

"ನನ್ನ ಮೂರು ವರ್ಷ..."

"ಹೊಸ ಫರ್ಮ್‌ವೇರಿಗೆ ಸುಳ್ಳು ಬರಲ್ಲ, ಏನ್ಮಾಡೋದು."

ಅಕ್ಕ ಎರಡು ಬೇರೆ ಡ್ರೈವುಗಳಿಗೆ ನಕಲು ಮಾಡಿಸಿಕೊಂಡು, ಎರಡನ್ನೂ ತನ್ನ ಚೀಲಕ್ಕೇ ಹಾಕಿಕೊಂಡಳು. ಹೋಗುವಾಗ ಟೇಬಲ್ಲಿನ ಮೇಲಿದ್ದ ಐರನ್ ಒರೆಸುವ ಅವನ ಕೊಳಕು ಬಟ್ಟೆಯನ್ನೂ ಎತ್ತಿಕೊಂಡಳು.

ಸಂಜೆ ಆ ಬಟ್ಟೆ ಒಗೆಸಿಕೊಂಡು, ಇಸ್ತ್ರಿಯಾಗಿ ವಾಪಸ್ಸು ಬಂತು. ಮಿಷನ್ನು ಸರಿ ಓಡುತ್ತದೆಯೇ ನೋಡಲು ಹೊಲಿದ ಮೊದಲ ಬ್ಯಾಡ್ಜು ಬಟ್ಟೆಯ ನಟ್ಟನಡುವೆ ಕೂತಿತ್ತು, ಶಾಲೆಯ ದೀಪ, ಪುಸ್ತಕ, ಕೆಳಗೆ 'ಶಿಸ್ತೇ ಬೆಳಕು'. ಪುಸ್ತಕದ ಮೇಲೆ ಕಾಲೂರಿ ಒಂದು ಪುಟ್ಟ ಹುಂಜ ಕೂಗುತ್ತಿತ್ತು. ಅದು ಆರ್ಡರಿನಲ್ಲಿರಲಿಲ್ಲ.

ಕಿಡಿ ಹುಂಜದ ಬಾಲದ ಮೇಲೆ ಬೆರಳಾಡಿಸಿದ. ಆಮೇಲೆ ಹುಂಜಕ್ಕೆ ತಗುಲದಂತೆ ಬಟ್ಟೆಯನ್ನು ಮಡಿಸಿ, ಶಿಸ್ತಿನ ಮೇಲೆ ಬಿಸಿ ಐರನ್ನಿನ ಮೊನೆಯನ್ನು ಚೆನ್ನಾಗಿ ಒರೆಸಿ, ಮುಂದಿನ ಗಿರಾಕಿಯ ಫೋನು ಬಿಚ್ಚಿದ.