ಕಿರುಚುವವರಿಗೆ ಹದಿನಾಲ್ಕು ದಿನ

ಅರವತ್ತಮೂರು ಯಂತ್ರಗಳಿಗೆ ಯಜಮಾನರಿದ್ದರು. ಅರವತ್ತನಾಲ್ಕನೆಯದಕ್ಕೆ ಇರಲಿಲ್ಲ.

ಉತ್ತರದ ಹಿಮನಾಡಿನ ಕೂಸಿಯಾರ್ವಿ ಎಂಬ ಊರಿನ ವಿದ್ಯುತ್ ಕಂಪನಿಯ ನೆಲಮಾಳಿಗೆಯನ್ನು ಖಾಲಿ ಮಾಡುವುದು ಆರು ತಿಂಗಳಿಂದ ಹೆಲ್ಕಾಳ ಕೆಲಸವಾಗಿತ್ತು. ಅಲ್ಲಿ ಗುಂಯ್‌ಗುಡುತ್ತಿದ್ದ ಪ್ರತಿ ಹಳೆಯ ಸರ್ವರ್‌ಗೂ ಬದಲಾಗಿ ಕ್ಲೌಡ್‌ನಲ್ಲಿ ಒಂದು ವರ್ಚುವಲ್ ಸರ್ವರ್ ಸಿದ್ಧಪಡಿಸಬೇಕು, ಯಾರು ಒಳಗೆ ಬರಬಹುದು, ಯಾರು ಬಾರದು ಎಂದು ಗೊತ್ತುಮಾಡಬೇಕು, ಹಳೆಯದರ ಕೆಲಸವನ್ನು ಅದಕ್ಕೆ ದಾಟಿಸಬೇಕು, ಬಳಸುವವರಿಂದ ‘ಸರಿಯಿದೆ’ ಎನ್ನಿಸಿಕೊಂಡು ಹಳೆಯದನ್ನು ಆರಿಸಬೇಕು. ಮೀಟರ್ ಲೆಕ್ಕದ ಯಂತ್ರ ಹೋಯಿತು, ನಕ್ಷೆಗಳದು ಹೋಯಿತು, ಸಂಬಳದ್ದು ಹೋಯಿತು. ನೆಲಮಾಳಿಗೆ ದಿನದಿನಕ್ಕೆ ತಣ್ಣಗಾಗುತ್ತ ಬಂದು, ಫೆಬ್ರವರಿಯ ಹೊತ್ತಿಗೆ ಹೆಲ್ಕಾ ಅಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡೇ ಕೂರುತ್ತಿದ್ದಳು.

ಉಳಿದದ್ದು ಆ ಒಂದು. ಮೂಲೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಧೂಳು ಹಿಡಿದು ಕೂತ ಬೂದು ಪೆಟ್ಟಿಗೆ. ಪಟ್ಟಿಯಲ್ಲಿ ಅದಕ್ಕೆ ಒಂದು ಉದ್ದನೆಯ ಸಂಖ್ಯೆ ಬಿಟ್ಟರೆ ಏನೂ ಇಲ್ಲ. ಅದರ ಪಾಸ್‌ವರ್ಡ್ ಕೂಡ ಯಾರಲ್ಲೂ ಇರಲಿಲ್ಲ.

“ಎಲ್ಲರಿಗೂ ಮೇಲ್ ಹಾಕಿದ್ಯಾ?” ಎಂದು ಸೋಮವಾರ ಬೆಳಿಗ್ಗೆ ಕೇಳಿದ ಅವಳ ಮೇಲಧಿಕಾರಿ ತಾಪಿಯೋ.

“ಮೂರು ಸಲ. ಈ ನಂಬರಿನ ಮಷೀನು ಯಾರದ್ದು ಅಂತ. ಒಬ್ಬರೂ ಉಸಿರೆತ್ತಿಲ್ಲ.”

“ಹಾಗಾದ್ರೆ ಕೇಬಲ್ ಕಿತ್ತುಹಾಕು. ಯಾರು ಕಿರುಚ್ತಾರೋ ನೋಡೋಣ.”

ಇದು ತಾಪಿಯೋ ಕಟ್ಟಿದ ಪದ್ಧತಿಯಲ್ಲ. ಈ ಕಸುಬಿನವರು ಎಲ್ಲ ಕಡೆಯೂ ಹೀಗೆಯೇ ಮಾಡುತ್ತಾರೆ. ದಿಕ್ಕಿಲ್ಲದ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತು ಎರಡು ವಾರ ಬಿಡುವುದು. ಅದನ್ನು ನಂಬಿದವರಿದ್ದರೆ ಬೊಬ್ಬೆ ಹೊಡೆದುಕೊಂಡು ಬರುತ್ತಾರೆ. ಬಾರದಿದ್ದರೆ ಗುಜರಿಗೆ.

“ಈ ಊರಲ್ಲಿ ಮನೆಗೆ ಬೆಂಕಿ ಬಿದ್ರೂ ಯಾರೂ ಕಿರುಚಲ್ಲ, ತಾಪಿಯೋ.”

“ಕಿರುಚಲ್ಲ, ನಿಜ. ಆದ್ರೆ ಮೇಲ್ ಹಾಕ್ತಾರೆ. ಅದೂ ಮುಂದಿನ ಸೋಮವಾರ.”

ಇಬ್ಬರೂ ನಕ್ಕರು. ಹೆಲ್ಕಾ ಮಂಡಿಯೂರಿ ಕೇಬಲ್ ಎಳೆದಳು. ಟಕ್ ಎಂದಿತು. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ದಿನಕ್ಕೆ ಸುತ್ತು ಹಾಕಿದಳು.

ಮಂಗಳವಾರ, ಬುಧವಾರ, ಗುರುವಾರ ಯಾರೂ ಕಿರುಚಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಕಾಫಿಗೆಂದು ಮೇಲಿನ ಕಂಟ್ರೋಲ್ ರೂಮಿಗೆ ಹೋದಳು. ಅಲ್ಲಿನ ಕಾಫಿ ಮಾತ್ರ ಕುಡಿಯುವಂತಿರುತ್ತಿತ್ತು. ಪಾಳಿಯಲ್ಲಿದ್ದ ಯೊರ್ಮಾ ಫೋನಿನಲ್ಲಿ ಮಾತಾಡುತ್ತಿದ್ದ. ಅವಳನ್ನು ಕಂಡು ಕಾಫಿ ಕೆಟಲ್ ಕಡೆಗೆ ಗದ್ದ ಆಡಿಸಿದ.

“ಇಲ್ಲ ಅನ್ನಿಕ್ಕಿ, ತೊಂದರೆ ಏನ್ಬಂತು... ಹೌದು, ರಾತ್ರಿ ಕಾಡಿನ ಗುಡಿಸಲಲ್ಲೇ ಮಲಗಿರ್ತಾನೆ... ಅಲ್ಲಿ ಎಲ್ಲಿ ಸಿಗ್ನಲ್ ಸಿಗುತ್ತೆ ಹೇಳಿ... ನೋಡಿ, ದಾದಿ ಹಸಿರು ತೋರಿಸ್ತಿದಾಳೆ. ಹಸಿರು ಅಂದ್ರೆ ಗಂಡ ಗಟ್ಟಿಮುಟ್ಟಾಗಿದಾನೆ ಅಂತ. ಬಹುಶಃ ನಿಮ್ಮ ಬೈಗುಳ ತಪ್ಪಿಸ್ಕೊಂಡು ಆರಾಮಾಗಿದಾನೆ.”

ಫೋನಿಟ್ಟು ಹೇಳಿದ, “ಇಲ್ಪೋನ ಹೆಂಡತಿ. ಅವನು ನಿನ್ನೆ ಉತ್ತರದ ಲೈನ್ ನೋಡೋಕೆ ಹೋಗಿದಾನೆ. ಮರಗಳು ಹಿಮದ ಭಾರಕ್ಕೆ ಬಾಗಿ ತಂತಿ ಮೇಲೆ ಒರಗಿವೆಯಲ್ಲ, ಅದನ್ನ ಕಡಿಯೋಕೆ. ಬೆಳಿಗ್ಗೆ ಏಳಕ್ಕೆ ಗುಡ್ಡ ಹತ್ತಿ ಫೋನ್ ಮಾಡ್ತೀನಿ ಅಂದಿದ್ನಂತೆ. ಮಾಡಿಲ್ಲ.”

“ಒಬ್ಬನೇ ಹೋಗಿದಾನಾ?”

“ಈ ವಾರ ಅವನೊಬ್ಬನೇ. ಮಿಕ್ಕವರು ಇಬ್ಬಿಬ್ಬರಾಗಿ ಹೋಗಿದಾರೆ. ಏನೂ ಆಗಲ್ಲ ಬಿಡು, ದಾದಿ ಇದಾಳೆ.”

“ಯಾರದು ದಾದಿ?”

ಯೊರ್ಮಾ ಪರದೆ ತೋರಿಸಿದ. ಕಾಡಿನ ನಕ್ಷೆಯ ಮೇಲೆ ಒಂದು ಹಸಿರು ಚುಕ್ಕೆ. “ಒಂಟಿಯಾಗಿ ಹೋಗೋರ ಎದೆಗೆ ಒಂದು ಪೆಟ್ಟಿಗೆ ಕಟ್ಟಿರ್ತೀವಿ. ಉಪಗ್ರಹದ ಮೂಲಕ ಮಾತಾಡುತ್ತೆ. ಗುಡಿಸಲಿನ ಹೊರಗೆ ಅವನು ಹತ್ತು ನಿಮಿಷ ಜಾಗ ಬಿಟ್ಟು ಅಲ್ಲಾಡದಿದ್ರೆ, ಇಲ್ಲಾ ಕೆಂಪು ಗುಂಡಿ ಒತ್ತಿದ್ರೆ, ದಾದಿಗೆ ಗೊತ್ತಾಗುತ್ತೆ. ಅವಳು ಇದನ್ನ ಕೆಂಪು ಮಾಡಿ ಇಲ್ಲಿ ಗಂಟೆ ಬಾರಿಸ್ತಾಳೆ. ಹನ್ನೆರಡು ವರ್ಷದಿಂದ ನಾವು ಕರೆಯೋದೇ ಹಾಗೆ.”

“ಅವಳು ಇರೋದು ಎಲ್ಲಿ?”

“ನನಗೇನು ಗೊತ್ತು? ಎಲ್ಲೋ ಪೇಟೆಯಲ್ಲಿ ಇರ್ಬೇಕು. ಹಾಕಿಸಿದ್ದು ಮೊದಲು ಇಲ್ಲಿದ್ದ ಪೆಂಟ್ಟಿ, ಅವನು ತೀರ್ಕೊಂಡ.”

ಹೆಲ್ಕಾ ಲೋಟವನ್ನು ಕೆಳಗಿಟ್ಟಳು. “ಆ ಚುಕ್ಕೆ ಒತ್ತು. ಕೊನೇ ಸುದ್ದಿ ಯಾವಾಗಿಂದು ನೋಡು.”

“ಯಾಕೆ ಮಾರಾಯ್ತಿ, ಹಸಿರಿದೆಯಲ್ಲ.”

“ಒತ್ತು ಯೊರ್ಮಾ.”

ಸಣ್ಣ ಅಕ್ಷರಗಳು ಮೂಡಿದವು. ಸೋಮವಾರ, 10.42. ಚುಕ್ಕೆ ಅಂದಿನ ಹಸಿರಿನಲ್ಲೇ ನಿಂತುಹೋಗಿತ್ತು.

ಆ ಹೊತ್ತಿಗೆ ತಾನು ಎಲ್ಲಿ ಮಂಡಿಯೂರಿದ್ದೆ ಎಂದು ಅವಳು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ಮೂರು ಸಲ ಮೇಲ್ ಹಾಕಿದ್ದಳು, ಮೂರು ಸಲವೂ ಸಂಖ್ಯೆ ಬರೆದಿದ್ದಳು. ಯೊರ್ಮಾನಿಗೆ ಸಂಖ್ಯೆ ಗೊತ್ತಿರಲಿಲ್ಲ, ಅವಳಿಗೆ ಹೆಸರು ಗೊತ್ತಿರಲಿಲ್ಲ. ಇನ್ನು ಕಾಡಿನಿಂದ ಯಾರಾದರೂ ಕಿರುಚಿದರೂ ಅದು ಮೇಲಿನ ಕಂಟ್ರೋಲ್ ರೂಮಿಗೆ ಬರಬೇಕಾಗಿದ್ದದ್ದೇ ಆ ಬೂದು ಪೆಟ್ಟಿಗೆಯ ಮೂಲಕ.

ಎರಡು ಮಹಡಿ ಮೆಟ್ಟಿಲನ್ನು ಓಡಿ ಇಳಿದಳು. ಕೇಬಲ್ ನೆಲದ ಮೇಲೆ ಬಿದ್ದಲ್ಲೇ ಇತ್ತು. ಎತ್ತಿ, ಕಿತ್ತಲ್ಲಿಗೇ ಸಿಕ್ಕಿಸಿದಳು. ಮೇಲೆ ಹತ್ತುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಉಪಗ್ರಹದವರು ಸಂದೇಶಗಳನ್ನೆಲ್ಲ ಕೂಡಿಟ್ಟುಕೊಂಡಿದ್ದರು. ಈಗ ಒಂದರ ಹಿಂದೊಂದು ಸುರಿಯುತ್ತಿದ್ದವು. ಗುರುವಾರ 14.20: ಜಾಗ ಬದಲಾಗಿಲ್ಲ. 14.24: ಗುಂಡಿ ಒತ್ತಲಾಗಿದೆ. 14.25: ಗುಂಡಿ ಒತ್ತಲಾಗಿದೆ. 14.31. 14.40. ಯೊರ್ಮಾ ಗಂಟೆಯನ್ನು ನಿಲ್ಲಿಸದೆ ಫೋನ್ ತಿರುಗಿಸುತ್ತಿದ್ದ, ಕಾಡಿನಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರುವ ಗಡಿ ಕಾವಲಿನವರಿಗೆ, ಆಂಬುಲೆನ್ಸ್‌ಗೆ, ಮೋಟಾರಿನ ಹಿಮದ ಬಂಡಿ ಇರುವ ತನ್ನ ಭಾಮೈದನಿಗೆ. ಹೆಲ್ಕಾ ಪರದೆಯ ಮುಂದೆ ನಿಂತು ಗುಂಡಿ ಒತ್ತಿದ ಸಂದೇಶಗಳನ್ನು ಎಣಿಸಿದಳು. ಮೂವತ್ತೊಂದು. ಕೊನೆಯದು 17.52. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ‘ಜಾಗ ಬದಲಾಗಿಲ್ಲ’ ಎಂಬುದಷ್ಟೇ. ಬೆಳಗಿನ ಜಾವದ ಹೊತ್ತಿಗೆ ಬ್ಯಾಟರಿ ಸತ್ತು ಅದೂ ನಿಂತಿತ್ತು.

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿತ್ತು.

ಹುಡುಕುವುದೇನೂ ಇರಲಿಲ್ಲ. ಎದೆಯ ಪೆಟ್ಟಿಗೆ ಜಾಗವನ್ನು ಕರಾರುವಾಕ್ಕಾಗಿ ಹೇಳಿತ್ತು. ಹೊರಟವರು ಹನ್ನೊಂದಕ್ಕೆ ಮುಂಚೆಯೇ ತಲುಪಿದರು. ಹಿಮ ಹೊತ್ತು ಬಿಲ್ಲಿನಂತೆ ಬಾಗಿದ್ದ ಬರ್ಚ್ ಮರ, ಗರಗಸ ತಾಗಿದೊಡನೆ ಸಿಡಿದು ಇಲ್ಪೋನ ತೊಡೆಯ ಮೂಳೆ ಮುರಿದು ಅವನ ಮೇಲೇ ಬಿದ್ದಿತ್ತು. ಬಲಗೈ ಗವುಸು ಕಳಚಿಟ್ಟಿದ್ದ. ಗವುಸಿನ ಕೈಗೆ ಗುಂಡಿ ಸರಿಯಾಗಿ ಸಿಗುತ್ತಿರಲಿಲ್ಲವೇನೋ. ಸಂಜೆಯವರೆಗೆ ಜೀವವಿತ್ತು ಎಂದರು ವೈದ್ಯರು. ರಸ್ತೆಯಿಂದ ಅಲ್ಲಿಗೆ ಹಿಮದ ಬಂಡಿಯಲ್ಲಿ ಐವತ್ತು ನಿಮಿಷದ ದಾರಿ.

ಮಧ್ಯಾಹ್ನ ತಾಪಿಯೋ ಹೆಲ್ಕಾಳನ್ನು ಕರೆದು ಬಾಗಿಲು ಮುಚ್ಚಿ ಕೂತ. ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು.

“ಪೊಲೀಸರಿಗೆ ವಕೀಲರು ಹೇಳ್ತಾರೆ. ನೀನು ಬಾಯಿ ಬಿಡ್ಬೇಡ. ಅನ್ನಿಕ್ಕಿ ಹತ್ರ ನಾನು ಹೋಗ್ತೀನಿ. ಮರ ಬಿದ್ದ ತಕ್ಷಣ ಹೋಗ್ಬಿಟ್ಟ, ನೋವೇ ಗೊತ್ತಾಗಿಲ್ಲ ಅಂತೀನಿ.”

“ಸುಳ್ಳು.”

“ಸುಳ್ಳೇ. ನಿಜ ಹೇಳಿ ಆ ಹೆಂಗಸಿಗೆ ಏನು ಕೊಟ್ಟಂಗಾಯ್ತು? ಹೇಳು ನೋಡೋಣ.”

ಹೆಲ್ಕಾ ಎದ್ದು ಬಾಗಿಲು ತೆರೆದು ಹೊರಬಂದಳು. ಶನಿವಾರ ಕಾರು ತೆಗೆದು ಅನ್ನಿಕ್ಕಿಯ ಮನೆಗೆ ಹೋದಳು.

ಅನ್ನಿಕ್ಕಿ ಬಾಗಿಲು ತೆರೆದು, ಏನೂ ಕೇಳದೆ ಒಳಗೆ ಕರೆದಳು. ಹೆಲ್ಕಾ ಬೂಟು ಬಿಚ್ಚಿ ಬರಿಯ ಸಾಕ್ಸಿನಲ್ಲಿ ಅಡುಗೆಮನೆಗೆ ಬಂದಳು. ಮೇಜಿನ ಮೇಲೆ ಕಾಫಿ ಇತ್ತು, ನೆರೆಯವರು ತಂದಿಟ್ಟ ಏಲಕ್ಕಿ ಬನ್ನುಗಳ ರಾಶಿಯಿತ್ತು.

“ತಾಪಿಯೋ ನಿನ್ನೆ ಬಂದಿದ್ದ,” ಎಂದಳು ಅನ್ನಿಕ್ಕಿ. “ನೋವೇ ಆಗಿಲ್ಲ ಅಂದ. ಹಾಗಂತ ಹೇಳ್ವಾಗ ನನ್ನ ಮುಖ ನೋಡ್ಲಿಲ್ಲ, ಬನ್ನು ನೋಡ್ತಿದ್ದ. ನೀನು ಯಾರು ಹುಡುಗಿ?”

“ಕಂಪ್ಯೂಟರ್ ವಿಭಾಗದವಳು. ಹೆಲ್ಕಾ.”

“ಅವನು ಆ ಗುಂಡಿ ಒತ್ತಿದ್ನಾ?”

“ಒತ್ತಿದ್ರು.”

“ಎಷ್ಟು ಸಲ?”

“ಮೂವತ್ತೊಂದು. ಎರಡೂವರೆಯಿಂದ ಹೆಚ್ಚುಕಮ್ಮಿ ಆರರವರೆಗೆ.”

ಅನ್ನಿಕ್ಕಿ ಕುರ್ಚಿಯ ಬೆನ್ನು ಹಿಡಿದಳು. ಕೂರಲಿಲ್ಲ.

“ಒತ್ತಿದಾಗ ಆ ಪೆಟ್ಟಿಗೆ ಏನಾದ್ರೂ ತೋರಿಸುತ್ತಾ?”

“ಪುಟ್ಟ ದೀಪ ಹತ್ತುತ್ತೆ. ಸಂದೇಶ ಹೋಯ್ತು ಅಂತ.”

“ಪ್ರತಿ ಸಲ?”

“ಪ್ರತಿ ಸಲ.”

“ಹಾಗಾದ್ರೆ ಬರ್ತಿದೀರ ಅಂದ್ಕೊಂಡಿದ್ದ.”

ಅನ್ನಿಕ್ಕಿ ಕಿಟಕಿಯ ಕಡೆ ತಿರುಗಿದಳು.

“ನಾನು ನಿನ್ನೆ ಬೆಳಿಗ್ಗೆ ಏಳರಿಂದ ಇಲ್ಲೇ ಕೂತಿದ್ದೆ. ಎರಡು ಗಂಟೆ. ಸುಮ್ನೆ ಯಾಕೆ ಅವರಿಗೆ ತೊಂದ್ರೆ ಕೊಡೋದು ಅಂತ.”

“ಏಳಕ್ಕೇ ಫೋನ್ ಮಾಡಿದ್ರೂ ಏನೂ ಆಗ್ತಿರಲಿಲ್ಲ,” ಎಂದಳು ಹೆಲ್ಕಾ. “ಹಿಂದಿನ ದಿನ ಗಂಟೆ ಬಾರಿಸಿದ್ರೆ ಆಗ್ತಿತ್ತು. ಬಾರಿಸ್ಲಿಲ್ಲ. ಆ ಕೇಬಲ್ ಕಿತ್ತಿದ್ದು ನಾನು. ಅದು ಯಾತರದ್ದು ಅಂತ ಗೊತ್ತಿಲ್ದೆ ಕಿತ್ತೆ.”

ಅನ್ನಿಕ್ಕಿ ಈಗ ತಿರುಗಿ ಅವಳನ್ನು ಮೊದಲ ಸಲವೆಂಬಂತೆ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡಳು ಹೆಲ್ಕಾ. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಅನ್ನಿಕ್ಕಿ ಸಕ್ಕರೆ ಡಬ್ಬಿಯ ಕೆಳಗಿಂದ ಪೊಲೀಸರು ಬಿಟ್ಟುಹೋಗಿದ್ದ ಚೀಟಿಯನ್ನು ಎಳೆದು, ಕನ್ನಡಕ ಹಾಕಿಕೊಂಡು, ಅಂಕಿಗಳನ್ನು ನಿಧಾನವಾಗಿ ಒತ್ತಿ ಫೋನನ್ನು ಅವಳ ಮುಂದೆ ಹಿಡಿದಳು.

“ಈಗ ಹೇಳಿದ್ದನ್ನೇ ಅವರಿಗೂ ಹೇಳು. ಇಲ್ಲೇ, ನನ್ನೆದುರಿಗೆ. ಮೂವತ್ತೊಂದು ಅನ್ನೋದನ್ನ ಬಿಡ್ಬೇಡ.”

ಹೆಲ್ಕಾ ಫೋನನ್ನು ಕಿವಿಗಿಟ್ಟಳು. ಆ ಕಡೆಯ ಪೊಲೀಸಿನವನು ಹೆಸರು ಕೇಳಿದ. ಹೇಳಿದಳು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದ.